ಔಷಧವು ರೋಗಿಯನ್ನು ಸೇರುವ ದಾರಿ

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ನಮ್ಮ ಹಿರಿಯರು ಹೇಳಿದರು. ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬ ಈ ನಾಲ್ಕು ಪಾದಗಳನ್ನು ಚರಕಸಂಹಿತೆಯಲ್ಲಿ ವಿವರಿಸಿದೆ. ವೈದ್ಯನು ಎಷ್ಟೇ ನಿಪುಣನಾಗಿರಲಿ, ದ್ರವ್ಯವು ಎಷ್ಟೇ ಶುದ್ಧವಾಗಿರಲಿ, ಕೊಡುವವನೂ ತೆಗೆದುಕೊಳ್ಳುವವನೂ ತಪ್ಪಿದರೆ ರೋಗವು ವಾಸಿಯಾಗದೆಂಬುದು ಇದರ ಭಾವ. ಇದು ಎಲ್ಲರೂ ಒಪ್ಪತಕ್ಕ ಮಾತೇ ಸರಿ. ಆದರೂ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ನಾವು ವಿಚಾರಿಸುವುದು ಮೊದಲ ಎರಡು ಪಾದಗಳನ್ನು ಮಾತ್ರ. ‘ಯಾವ ಡಾಕ್ಟರು? ಯಾವ ಔಷಧ?’ ಎಂದು ಕೇಳುತ್ತೇವೆ. ‘ಆ ಔಷಧವು ಹೇಗೆ ಹೊಟ್ಟೆ ಸೇರುತ್ತಿದೆ?’ ಎಂದು ಕೇಳುವವರು ವಿರಳ.

ಔಷಧದ ದಾರಿ ನಾವೆಣಿಸಿದಷ್ಟು ನೆಟ್ಟಗಿಲ್ಲ. ವೈದ್ಯರ ಮನಸ್ಸಿನಲ್ಲಿದ್ದುದು ಚೀಟಿಗೆ ಇಳಿಯಬೇಕು; ಚೀಟಿಯ ಅಕ್ಷರವನ್ನು ಅಂಗಡಿಯವರು ಓದಬೇಕು; ನೂರಾರು ಪೆಟ್ಟಿಗೆಗಳ ನಡುವಿನಿಂದ ಸರಿಯಾದುದನ್ನು ತೆಗೆಯಬೇಕು; ಮನೆಯವರು ಹೇಳಿದ್ದನ್ನು ಕೇಳಿ ನೆನಪಿಟ್ಟುಕೊಳ್ಳಬೇಕು; ಕೊನೆಗೆ ಹೊತ್ತು ಹೊತ್ತಿಗೆ ಅಳತೆ ತಪ್ಪದೆ ಅದು ರೋಗಿಯ ಬಾಯಿಗೆ ಬೀಳಬೇಕು. ಕೈಯಿಂದ ಕೈಗೆ ದಾಟುವ ಪ್ರತಿಯೊಂದು ಎಡೆಯಲ್ಲಿಯೂ ಎಡವುವ ಸಂಭವವುಂಟು. ಈ ದಾರಿಯನ್ನೇ ಕಣ್ಣಿಟ್ಟು ನೋಡಿ, ಎಲ್ಲೆಲ್ಲಿ ಎಷ್ಟೆಷ್ಟು ಎಡವುತ್ತೇವೆಂದು ಲೆಕ್ಕ ಹಾಕಿ, ಎಡವದಂತೆ ಮಾಡುವ ಉಪಾಯವನ್ನು ಪರೀಕ್ಷಿಸಿ ನೋಡುವ ಒಂದು ಶಾಸ್ತ್ರವು ಕಳೆದ ಅರವತ್ತು ವರ್ಷಗಳಲ್ಲಿ ಬೆಳೆದುಬಂದಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಫಾರ್ಮಸಿ ಪ್ರಾಕ್ಟೀಸ್ ಎಂದು ಹೆಸರು. ಇದು ಹೊಸ ಔಷಧವನ್ನು ಕಂಡುಹಿಡಿಯುವ ಶಾಸ್ತ್ರವಲ್ಲ; ಇರುವ ಔಷಧದಿಂದ ರೋಗಿಗೆ ಕೇಡಾಗದೆ ಹಿತವಾಗುವಂತೆ ನೋಡಿಕೊಳ್ಳುವ ಶಾಸ್ತ್ರ. ಗೃಹಸ್ಥರಾದ ನಮಗೆಲ್ಲರಿಗೂ ಬೇಕಾದ ವಿಚಾರವಾದುದರಿಂದ ಇದನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬೇಕೆಂದಿದ್ದೇವೆ.

ಈ ಶೋಧನೆಯ ಮೊದಲಿಗರಲ್ಲಿ ಅಮೆರಿಕದ ಕೆನ್ನೆತ್ ಬಾರ್ಕರ್ ಎಂಬವರು ಪ್ರಮುಖರು. ಇವರು ಫಾರ್ಮಸಿಸ್ಟರು, ಎಂದರೆ ಔಷಧವನ್ನು ಸಿದ್ಧಪಡಿಸಿ ಹಂಚುವ ವಿದ್ಯೆಯನ್ನು ಕಲಿತವರು. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ತಪ್ಪಾದರೆ ಅದನ್ನು ಬರೆದು ಮೇಲಿನವರಿಗೆ ತಿಳಿಸಬೇಕೆಂಬ ನಿಯಮವಿತ್ತು. ಹಾಗೆ ಬಂದ ವರದಿಗಳು ಅತಿ ಸ್ವಲ್ಪ. ಆದುದರಿಂದ ತಪ್ಪುಗಳೂ ಅತಿ ಸ್ವಲ್ಪವೆಂದು ಆಡಳಿತದವರು ನಿಶ್ಚಿಂತರಾಗಿದ್ದರು. ಬಾರ್ಕರ್ ಮತ್ತು ಅವರ ಸಂಗಡಿಗರು ಈ ನಿಶ್ಚಿಂತೆಯನ್ನು ನಂಬಲಿಲ್ಲ. ದಾದಿಯರೊಡನೆ ನಡೆದು, ಅವರು ಯಾರಿಗೆ ಯಾವ ಔಷಧವನ್ನು ಎಷ್ಟು ಕೊಟ್ಟರೆಂಬುದನ್ನು ಕಣ್ಣಾರೆ ನೋಡಿ ಬರೆದುಕೊಂಡು, ಅನಂತರ ಅದನ್ನು ವೈದ್ಯರ ಆಜ್ಞೆಯೊಡನೆ ಹೋಲಿಸುವ ಕ್ರಮವನ್ನು ೧೯೬೨ರಲ್ಲಿ ಪ್ರಕಟಿಸಿದರು. ವರದಿಯಲ್ಲಿ ಕಾಣದಿದ್ದ ತಪ್ಪುಗಳು ಕಣ್ಣಿಗೆ ಹೇರಳವಾಗಿ ಕಂಡವು.

ನಲವತ್ತು ವರ್ಷಗಳಾದ ಮೇಲೆ, ೨೦೦೨ರಲ್ಲಿ, ಅದೇ ಬಾರ್ಕರ್ ಮೊದಲಾದವರು ಜಾರ್ಜಿಯಾ ಮತ್ತು ಕೊಲೊರಾಡೊ ಪ್ರಾಂತಗಳ ೩೬ ಆಸ್ಪತ್ರೆ ಮತ್ತು ಶುಶ್ರೂಷಾಲಯಗಳಲ್ಲಿ ನಡೆಸಿದ ದೊಡ್ಡ ಪರಿಶೀಲನೆಯ ಫಲವನ್ನು ಹೊರಗೆಡವಿದರು. ನೋಡಿದ ಡೋಸುಗಳು ೩,೨೧೬, ತಪ್ಪಾದವು ೬೦೫. ಎಂದರೆ ಶೇಕಡಾ ೧೯, ಹೆಚ್ಚುಕಡಮೆ ಐದಕ್ಕೊಂದು. ಇವುಗಳಲ್ಲಿ ಬಹುಪಾಲು ಹೊತ್ತು ತಪ್ಪಿ ಕೊಟ್ಟವು, ಅಥವಾ ಕೊಡುವುದನ್ನೇ ಮರೆತವು. ಇನ್ನು ಕೆಲವು ಅಳತೆ ತಪ್ಪಿದವು. ಎಲ್ಲ ತಪ್ಪುಗಳಿಂದಲೂ ಕೇಡಾಯಿತೆಂದು ಇದರರ್ಥವಲ್ಲ. ಕೇಡುಂಟುಮಾಡಬಲ್ಲವೆಂದು ಎಣಿಸಿದವು ಅವುಗಳಲ್ಲಿ ನೂರಕ್ಕೆ ಏಳು. ಆದರೆ ದಿನವೂ ಸಾವಿರಾರು ಡೋಸುಗಳು ಹಂಚಿಹೋಗುವ ಒಂದು ಆಸ್ಪತ್ರೆಯಲ್ಲಿ ಆ ಏಳು ಎಷ್ಟಾಗುವುದೆಂದು ವಾಚಕರೇ ಲೆಕ್ಕ ಹಾಕಬಹುದು.

ಇದಕ್ಕಿಂತಲೂ ಮನಸ್ಸಿಗೆ ನಾಟುವ ಇನ್ನೊಂದು ಲೆಕ್ಕವನ್ನು ಅದೇ ವರ್ಷ ಅದೇ ಗುಂಪಿನವರು ಪ್ರಕಟಿಸಿದರು. ಪರಿಶೀಲಿಸಿದ ಡೋಸುಗಳಲ್ಲಿ ನಿಶ್ಚಯವಾಗಿ ತಪ್ಪೆಂದು ಗೊತ್ತಾದವು ೪೫೭. ಬಳಿಯಲ್ಲಿ ನಿಂತು ನೋಡಿದವರು ಅವುಗಳಲ್ಲಿ ೩೦೦ನ್ನು ಹಿಡಿದರು. ರೋಗಿಯ ಕಾಗದಪತ್ರಗಳನ್ನು ಓದಿದವರಿಗೆ ಸಿಕ್ಕಿದ್ದು ೧೭. ಆಸ್ಪತ್ರೆಯವರು ತಾವಾಗಿ ಬರೆದುಕೊಟ್ಟ ವರದಿಗಳಲ್ಲಿ ಇದ್ದದ್ದು ಒಂದೇ ಒಂದು!

ಉಳಿದವರೆಲ್ಲರೂ ಸುಳ್ಳುಗಾರರೆಂದು ಇದರಿಂದ ತಿಳಿಯಬಾರದು. ತಪ್ಪು ಮಾಡಿದವರಿಗೆ ಅನೇಕ ವೇಳೆ ತಾವು ತಪ್ಪಿದುದೇ ಗೊತ್ತಿರುವುದಿಲ್ಲ. ಗೊತ್ತಾದರೂ ಬೈಗುಳದ ಭಯ, ಕೆಲಸ ಹೋಗುವ ಭಯ. ಆದುದರಿಂದ ಯಾರನ್ನು ದಂಡಿಸೋಣವೆಂದು ಹುಡುಕುವುದನ್ನು ಬಿಟ್ಟು, ಯಾವ ಏರ್ಪಾಡಿನಿಂದ ಈ ತಪ್ಪು ಹುಟ್ಟುತ್ತಿದೆಯೆಂದು ಹುಡುಕುವುದೇ ಲೇಸೆಂಬ ತತ್ತ್ವವು ಇಂತಹ ಪರಿಶೀಲನೆಗಳಿಂದ ಬಲಗೊಂಡಿತು. ಮೊದಲು ವಾರ್ಡಿನಲ್ಲಿ ದೊಡ್ಡ ಸೀಸೆಗಳನ್ನಿಟ್ಟು, ಅದರಿಂದ ದಾದಿಯರು ಎಣಿಸಿ ಅಳೆದು ಕೊಡುವ ಪದ್ಧತಿಯಿತ್ತು. ೧೯೬೦ರ ದಶಕದಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯದ ಆಸ್ಪತ್ರೆಗಳು ಇದನ್ನು ಬದಲಾಯಿಸಿ, ಒಬ್ಬೊಬ್ಬ ರೋಗಿಗೆ ಒಂದೊಂದು ಹೊತ್ತಿನ ಔಷಧವನ್ನು ಫಾರ್ಮಸಿಯಲ್ಲಿಯೇ ಪ್ರತ್ಯೇಕವಾಗಿ ಕಟ್ಟಿ, ಹೆಸರು ಬರೆದು ಕಳುಹಿಸುವುದನ್ನು ಪ್ರಯೋಗಿಸಿ ನೋಡಿದವು. ತಪ್ಪುಗಳು ಇಳಿದವು. ದಾದಿಯರು ಬದಲಾಗಲಿಲ್ಲ, ಏರ್ಪಾಡು ಬದಲಾಯಿತು. ಇಷ್ಟೇ ಅದರ ಗುಟ್ಟು.

ಇನ್ನೊಂದು ಪ್ರಯೋಗವು ಬಾಸ್ಟನ್ ನಗರದ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆಯಿತು. ಅಲ್ಲಿ ಅತ್ಯಂತ ಅಸ್ವಸ್ಥರಾದವರನ್ನು ಇಡುವ ವಾರ್ಡಿನಲ್ಲಿ ಬೆಳಿಗ್ಗೆ ವೈದ್ಯರು ಸುತ್ತು ಬರುವಾಗ ಒಬ್ಬ ಹಿರಿಯ ಫಾರ್ಮಸಿಸ್ಟರೂ ಜೊತೆಯಲ್ಲಿ ನಡೆಯುವಂತೆ ಏರ್ಪಡಿಸಿದರು. ವೈದ್ಯರು ಔಷಧವನ್ನು ಬರೆಯುವ ಹೊತ್ತಿನಲ್ಲಿಯೇ ‘ಈ ರೋಗಿಯ ಮೂತ್ರಪಿಂಡವು ದುರ್ಬಲವಾಗಿದೆ, ಪ್ರಮಾಣವನ್ನು ಇಳಿಸಬಹುದೆ?’ ‘ಈ ಎರಡು ಔಷಧಗಳು ಒಂದಕ್ಕೊಂದು ಆಗುವುದಿಲ್ಲವಲ್ಲ?’ ಎಂಬಂತಹ ಸೂಚನೆಗಳನ್ನು ಕೊಡುವುದು ಅವರ ಕೆಲಸ. ಲೂಸಿಯನ್ ಲೀಪ್ ಮೊದಲಾದವರು ೧೯೯೯ರಲ್ಲಿ ಪ್ರಕಟಿಸಿದ ಫಲವಿದು: ಔಷಧವನ್ನು ಬರೆಯುವಾಗಿನ ತಪ್ಪಿನಿಂದ ರೋಗಿಗಳಿಗೆ ಆಗುತ್ತಿದ್ದ, ತಪ್ಪಿಸಬಹುದಾಗಿದ್ದ ಕೇಡುಗಳು ಸಾವಿರ ರೋಗಿದಿನಗಳಿಗೆ ೧೦.೪ರಿಂದ ೩.೫ಕ್ಕೆ ಇಳಿದವು. ಇಂತಹ ಏರ್ಪಾಡಿಲ್ಲದ ಮತ್ತೊಂದು ವಾರ್ಡಿನಲ್ಲಿ ಇಳಿಯಲಿಲ್ಲ. ಫಾರ್ಮಸಿಸ್ಟರು ಕೊಟ್ಟ ೩೬೬ ಸೂಚನೆಗಳಲ್ಲಿ ೩೬೨ನ್ನು ವೈದ್ಯರು ಒಪ್ಪಿಕೊಂಡರು. ಪಂಡಿತರಿಬ್ಬರು ಒಂದೆಡೆ ನಿಂತರೆ ಜಗಳವಾಡುವರೆಂದು ಲೋಕವು ಹೇಳುವುದುಂಟು; ಇಲ್ಲಿ ಹಾಗಾಗಲಿಲ್ಲವೆಂಬುದು ಸಂತೋಷದ ವಿಷಯ.

ಇದುವರೆಗೆ ಆಸ್ಪತ್ರೆಯ ಮಾತಾಯಿತು. ಆದರೆ ಔಷಧದ ದಾರಿಯ ಕೊನೆಯ ಮಜಲು ನಮ್ಮ ನಿಮ್ಮ ಮನೆಯೇ. ಅಲ್ಲಿ ದಾದಿಯೂ ಇಲ್ಲ, ಫಾರ್ಮಸಿಸ್ಟರೂ ಇಲ್ಲ, ಗೃಹಿಣಿಯೇ ಪರಿಚಾರಕಿ. ಶೋಧಕರು ಅಲ್ಲಿಗೂ ಬಂದಿದ್ದಾರೆ.

ಸೀಸೆಯ ಮೇಲೆ ‘ಎರಡು ಮಾತ್ರೆ, ದಿನಕ್ಕೆ ಎರಡು ಸಲ’ ಎಂದು ಬರೆದಿದೆಯೆಂದಿಟ್ಟುಕೊಳ್ಳಿ. ಇದರಲ್ಲಿ ತಿಳಿಯದಿರುವುದೇನಿದೆ ಎನ್ನಿಸುವುದು ಸಹಜ. ಟೆರಿ ಡೇವಿಸ್ ಮೊದಲಾದವರು ೨೦೦೬ರಲ್ಲಿ ಅಮೆರಿಕದ ಮೂರು ಊರುಗಳ ಚಿಕಿತ್ಸಾಲಯಗಳಲ್ಲಿ ೩೯೫ ಮಂದಿಗೆ ಇಂತಹ ಲೇಬಲ್ಲುಗಳನ್ನು ಓದಿಸಿದರು. ಓದುಬರಹವು ಕಡಮೆಯಾಗಿದ್ದವರಲ್ಲಿ ಶೇಕಡಾ ೭೧ರಷ್ಟು ಮಂದಿ ಮೇಲಿನ ವಾಕ್ಯವನ್ನು ಸರಿಯಾಗಿಯೇ ಹೇಳಿದರು. ‘ಹಾಗಾದರೆ ಒಂದು ದಿನಕ್ಕೆ ಎಷ್ಟು ಮಾತ್ರೆಗಳನ್ನು ತೆಗೆದುಕೊಳ್ಳುವಿರಿ, ಎಣಿಸಿ ತೋರಿಸಿ’ ಎಂದಾಗ ನಾಲ್ಕನ್ನು ಎಣಿಸಿ ತೋರಿಸಿದವರು ಶೇಕಡಾ ೩೫ ಮಾತ್ರ! ಬಾಯಿಪಾಠವು ಒಂದು, ಅರ್ಥವು ಮತ್ತೊಂದು. ‘ದಿನಕ್ಕೆ ಎರಡು ಸಲ’ ಎಂಬುದರ ಬದಲು ಬೆಳಿಗ್ಗೆ ಇಷ್ಟು, ರಾತ್ರಿ ಇಷ್ಟು ಎಂದು ಹೊತ್ತನ್ನೇ ಹೆಸರಿಸಿ ಬರೆದರೆ ಹೆಚ್ಚು ಮಂದಿಗೆ ಅರ್ಥವಾಗುವುದೆಂದು ಮುಂದಿನ ಪರೀಕ್ಷೆಗಳಿಂದ ಸಿದ್ಧಪಟ್ಟಿತು. ನಮ್ಮ ವೈದ್ಯರು ಚೀಟಿಯಲ್ಲಿ ‘೧-೦-೧’ ಎಂದು ಬರೆಯುವ ವಾಡಿಕೆ ಎಲ್ಲರಿಗೂ ಪರಿಚಿತವಷ್ಟೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಬಹು ಸರಳವಾದ ಈ ಬರವಣಿಗೆಯಲ್ಲಿ ಅದೇ ಗುಣವಿದೆ. ಆದರೆ ಅದರ ಅರ್ಥವನ್ನು ಒಮ್ಮೆಯಾದರೂ ಬಿಡಿಸಿ ಹೇಳಿದವರಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುವುದು.

ಮಕ್ಕಳ ಔಷಧದ ಸಂಗತಿ ಇನ್ನೂ ಸೂಕ್ಷ್ಮವಾದುದು. ಮಗುವಿಗೆ ಜ್ವರ ಬಂದರೆ ತಾಯಿಯು ಅಡಿಗೆಮನೆಯ ಚಮಚವನ್ನು ತಂದು ಸಿರಪ್ಪನ್ನು ಸುರಿಯುವುದು ನಮ್ಮಲ್ಲಿ ಸಾಮಾನ್ಯ. ವೈದ್ಯರ ಲೆಕ್ಕದಲ್ಲಿ ಒಂದು ಟೀ ಚಮಚವೆಂದರೆ ೫ ಮಿಲಿಲೀಟರು. ನಮ್ಮ ಮನೆಯ ಚಮಚಗಳಿಗೆ ಆ ಲೆಕ್ಕವು ಗೊತ್ತಿಲ್ಲ. ಅಂಗಡಿಯ ಅಳತೆ ಬಟ್ಟಲಾದರೂ ಸಾಕೆ? ಶೋನಾ ಯಿನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ೨೧೧೦ ತಂದೆತಾಯಿಗಳ ಕೈಗೆ ಸೀಸೆ, ಬಟ್ಟಲು, ಸೂಜಿಯಿಲ್ಲದ ಪಿಚಕಾರಿ ಇವುಗಳನ್ನು ಕೊಟ್ಟು ಹಲವು ಸಲ ಅಳೆಯಿಸಿ ನೋಡಿ, ಫಲವನ್ನು ೨೦೧೬ರಲ್ಲಿ ಪ್ರಕಟಿಸಿದರು. ನೂರಕ್ಕೆ ೮೪ ಮಂದಿ ಒಂದು ಸಲವಾದರೂ ತಪ್ಪಿದರು. ನೂರಕ್ಕೆ ೨೧ ಮಂದಿ ಒಂದು ಸಲವಾದರೂ ಎರಡರಷ್ಟಕ್ಕಿಂತಲೂ ಹೆಚ್ಚು ಸುರಿದರು. ಬಟ್ಟಲಿನಲ್ಲಿ ತಪ್ಪು ಬಹಳ ಹೆಚ್ಚು, ಪಿಚಕಾರಿಯಲ್ಲಿ ಬಹಳ ಕಡಮೆ. ಅದರಲ್ಲಿಯೂ ಔಷಧದ ಪ್ರಮಾಣವು ಚಿಕ್ಕದಾದಷ್ಟೂ ಈ ಅಂತರವು ದೊಡ್ಡದು. ಮಗುವಿನ ಮೇಲಿನ ಪ್ರೀತಿಯಲ್ಲಿ ಆ ತಂದೆತಾಯಿಗಳು ಯಾರಿಗೂ ಕಡಮೆಯಿರಲಿಲ್ಲ. ಕೈಯಲ್ಲಿದ್ದ ಅಳತೆಯೇ ಅವರನ್ನು ತಪ್ಪಿಸಿತು. ಕೆಲವೇ ರೂಪಾಯಿಗಳಿಗೆ ಸಿಕ್ಕುವ ಪಿಚಕಾರಿಯೊಂದು ಮನೆಯಲ್ಲಿದ್ದರೆ ಎಷ್ಟು ಉಪಕಾರವೆಂಬುದನ್ನು ನಮ್ಮ ಗೃಹಿಣಿಯರು ಆಲೋಚಿಸಬೇಕು.

ಇನ್ನು ಮುದುಕರ ವಿಚಾರ. ರಕ್ತದೊತ್ತಡಕ್ಕೊಂದು, ಸಕ್ಕರೆ ರೋಗಕ್ಕೆರಡು, ಹೃದಯಕ್ಕೊಂದು, ನಿದ್ರೆಗೊಂದು ಎಂದು ದಿನಕ್ಕೆ ಏಳೆಂಟು ಮಾತ್ರೆಗಳನ್ನು ನುಂಗುವ ಹಿರಿಯರಿಲ್ಲದ ಮನೆಯೇ ಈಗ ಅಪರೂಪ. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಇಂತಹ ೨೦೦ ಮಂದಿ ವೃದ್ಧರನ್ನು ಆರಿಸಿಕೊಂಡು ಫಾರ್ಮಸಿಸ್ಟರು ಒಂದು ಪ್ರಯೋಗ ನಡೆಸಿದರು. ಪ್ರತಿಯೊಬ್ಬರಿಗೂ ಅವರ ಔಷಧಗಳ ಉದ್ದೇಶವನ್ನು ತಿಳಿಯಹೇಳಿದರು; ಹೊತ್ತಿಗೆ ಒಂದರಂತೆ ಮಾತ್ರೆಗಳನ್ನು ಬೇರೆ ಬೇರೆಯಾಗಿ ಕಟ್ಟಿಕೊಟ್ಟರು; ಆಗಾಗ ಕರೆದು ವಿಚಾರಿಸಿದರು. ಮೊದಲು ನೂರರಲ್ಲಿ ೬೧ ಮಾತ್ರೆಗಳು ಮಾತ್ರ ಸರಿಯಾಗಿ ಹೊಟ್ಟೆ ಸೇರುತ್ತಿದ್ದವು. ಆರು ತಿಂಗಳಲ್ಲಿ ಅದು ೯೭ಕ್ಕೆ ಏರಿತು. ಅನಂತರ ಅರ್ಧದಷ್ಟು ಮಂದಿಗೆ ಈ ಸಹಾಯವನ್ನು ನಿಲ್ಲಿಸಿ ನೋಡಿದರು. ಸಹಾಯವಿದ್ದವರಲ್ಲಿ ೯೫ರ ಮೇಲೆಯೇ ನಿಂತಿತು. ಇಲ್ಲದವರಲ್ಲಿ ೬೯ಕ್ಕೆ ಬಿದ್ದಿತು. ಸಹಾಯವನ್ನು ಪಡೆದವರ ರಕ್ತದೊತ್ತಡವೂ ಇನ್ನಷ್ಟು ಇಳಿಯಿತು. ೨೦೦೬ರಲ್ಲಿ ಪ್ರಕಟವಾದ ಈ ಫಲದಿಂದ ಒಂದು ಸಂಗತಿ ಸ್ಪಷ್ಟವಾಗುವುದು: ಉಪದೇಶವು ಒಂದು ದಿನದ ಕೆಲಸವಲ್ಲ, ಗಿಡಕ್ಕೆ ನೀರೆರೆದಂತೆ ನಿತ್ಯದ ಕೆಲಸ.

ಇಷ್ಟೆಲ್ಲ ಓದಿದ ವಾಚಕರು, ಫಾರ್ಮಸಿಸ್ಟರು ಮನೆಗೆ ಬಂದರೆ ಸಾಕು, ಎಲ್ಲವೂ ಸುಖಾಂತವೆಂದು ಭಾವಿಸಬಹುದು. ಹಾಗಿಲ್ಲ. ಇಂಗ್ಲೆಂಡಿನಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದ, ಎಂಬತ್ತು ದಾಟಿದ ವೃದ್ಧರ ಮನೆಗೆ ಫಾರ್ಮಸಿಸ್ಟರನ್ನು ಕಳುಹಿಸಿ, ಔಷಧಗಳನ್ನು ಪರಿಶೀಲಿಸಿ, ಬುದ್ಧಿ ಹೇಳಿಸಿದರು. ಆಸ್ಪತ್ರೆಗೆ ಮತ್ತೆ ಸೇರುವುದು ಇದರಿಂದ ಕಡಮೆಯಾಗಬೇಕೆಂಬುದು ಉದ್ದೇಶ. ೮೭೨ ಮಂದಿಯ ಮೇಲೆ ನಡೆಸಿ ೨೦೦೫ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹಾಗೆ ಭೇಟಿ ಪಡೆದವರೇ ಶೇಕಡಾ ೩೦ರಷ್ಟು ಹೆಚ್ಚಾಗಿ ಆಸ್ಪತ್ರೆಗೆ ಸೇರಿದ್ದರು! ಕಾರಣವು ಏನೇ ಇರಲಿ, ಒಳ್ಳೆಯ ಮನಸ್ಸಿನಿಂದ ಮಾಡಿದ್ದೆಲ್ಲ ಒಳ್ಳೆಯ ಫಲವನ್ನೇ ಕೊಡುವುದೆಂಬ ನಂಬಿಕೆಗೆ ಇದರಿಂದ ಪೆಟ್ಟು ಬಿದ್ದಿತು. ತನಗೆ ಪ್ರತಿಕೂಲವಾದ ಫಲವನ್ನೂ ಮುಚ್ಚಿಡದೆ ಪ್ರಕಟಿಸಿದುದರಲ್ಲಿ ಈ ಶಾಸ್ತ್ರದ ಗೌರವವಿದೆ. ಯಾವುದನ್ನೂ ಹಿತವೆಂದು ಊಹಿಸಿ ಬಿಡಬಾರದು, ಅಳೆದು ನೋಡಬೇಕು. ಔಷಧಕ್ಕೆ ಹೇಗೋ ಔಷಧದ ಉಪಚಾರಕ್ಕೂ ಹಾಗೆಯೇ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆಯುಂಟೆ? ಉಂಟೆನ್ನಲು ನಮಗೆ ಹೆಮ್ಮೆ. ೧೯೯೦ರ ದಶಕದ ಕೊನೆಯ ಭಾಗದಲ್ಲಿ ಭಾರತದಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣಕ್ಕೆ ಮೊದಲು ತೊಡಗಿದವುಗಳಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜೂ ಒಂದು. ಅಲ್ಲಿನ ವಿದ್ಯಾರ್ಥಿಗಳು ಪುಸ್ತಕದೊಡನೆ ಆಸ್ಪತ್ರೆಯ ವಾರ್ಡನ್ನೂ ಪಾಠಶಾಲೆಯನ್ನಾಗಿ ಮಾಡಿಕೊಂಡರು. ೨೦೦೮ರಲ್ಲಿ ಫಾರ್ಮ್‌ಡಿ ಎಂಬ ಆರು ವರ್ಷಗಳ ಶಿಕ್ಷಣವು ದೇಶದಲ್ಲಿ ಜಾರಿಗೆ ಬಂದಿತು. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡತಕ್ಕದ್ದೆಂದು ೧೯೪೮ರ ಫಾರ್ಮಸಿ ಕಾಯಿದೆಯು ಹೇಳಿತ್ತು. ಕೊಡುವುದಷ್ಟೇ ಅಲ್ಲ, ರೋಗಿಗೆ ತಿಳುವಳಿಕೆ ಹೇಳುವುದೂ ಅವರ ಕರ್ತವ್ಯವೆಂದು ೨೦೧೫ರ ನಿಯಮಾವಳಿಯು ವಿಧಿಸಿತು. ಔಷಧದಿಂದಾದ ಕೇಡುಗಳನ್ನು ದೇಶದ ಎಲ್ಲ ಕಡೆಗಳಿಂದಲೂ ಒಂದೆಡೆ ಸೇರಿಸುವ ಸರ್ಕಾರದ ಯೋಜನೆಯು ೨೦೧೦ರಲ್ಲಿ ಆರಂಭವಾಯಿತು; ಇದರ ಕೇಂದ್ರವು ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಕೊಪಿಯಾ ಆಯೋಗ. ಅದಕ್ಕೆ ವೈದ್ಯರೇ ಬರೆಯಬೇಕೆಂದಿಲ್ಲ, ರೋಗಿಯ ಮನೆಯವರೂ ತಿಳಿಸಬಹುದು. ೧೮೦೦-೧೮೦-೩೦೨೪ ಎಂಬ ಸಂಖ್ಯೆಗೆ ಖರ್ಚಿಲ್ಲದೆ ದೂರವಾಣಿ ಮಾಡಬಹುದು. ನಿಯಮಗಳೇನೋ ಇವೆ. ಆದರೆ ಅಂಗಡಿಯ ಕಟ್ಟೆಯ ಮುಂದೆ ಜನರು ಹಣ ಹಿಡಿದು ನೂಕುತ್ತಿರುವಾಗ ಹೇಳುವವರಿಗೂ ಕೇಳುವವರಿಗೂ ಪುರಸೊತ್ತು ಎಲ್ಲಿ? ನಾವು ಕೇಳದಿದ್ದರೆ ಅವರು ಹೇಳುವುದನ್ನು ಮರೆಯುವರು. ಇಲ್ಲಿ ಗೃಹಸ್ಥರ ಪಾಲಿನ ಕರ್ತವ್ಯವೂ ಇದೆ.

ಆ ಕರ್ತವ್ಯವೇನೆಂಬುದನ್ನು ಮೇಲಿನ ಶೋಧನೆಗಳ ಬೆಳಕಿನಲ್ಲಿ ಸಂಕ್ಷೇಪವಾಗಿ ಹೇಳುವೆವು. ಮೊದಲನೆಯದಾಗಿ, ಮನೆಯಲ್ಲಿ ಯಾರು ಯಾವ ಔಷಧವನ್ನು ಎಷ್ಟು ತೆಗೆದುಕೊಳ್ಳುತ್ತಿರುವರೆಂಬ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದಿಟ್ಟು, ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ತೋರಿಸಬೇಕು. ನಾಟಿ ಮದ್ದು, ಆಯುರ್ವೇದದ ಲೇಹ್ಯ, ಪಕ್ಕದ ಮನೆಯವರು ಕೊಟ್ಟ ಮಾತ್ರೆ ಇವೆಲ್ಲವೂ ಆ ಪಟ್ಟಿಯಲ್ಲಿರಬೇಕು. ಎರಡನೆಯದಾಗಿ, ಅಂಗಡಿಯಿಂದ ಹೊರಡುವ ಮೊದಲು ಕೇಳಿದ್ದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಿ, ಎಣಿಸಿ ತೋರಿಸಬೇಕು. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ವಾರಕ್ಕೊಂದು ಸಲ ತೆಗೆದುಕೊಳ್ಳಬೇಕಾದ ಔಷಧಗಳೂ ಉಂಟು. ಕೀಲುಗಳ ಬಾವಿಗೆ ಕೊಡುವ ಮೆಥೊಟ್ರೆಕ್ಸೇಟ್ ಅಂತಹುದು. ಅದನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ.

ಮೂರನೆಯದಾಗಿ, ಸ್ಟ್ರಿಪ್ಪನ್ನು ಕತ್ತರಿಸಿ ಕೊಟ್ಟರೆ ಔಷಧದ ಹೆಸರೂ ಅವಧಿಯ ದಿನಾಂಕವೂ ಕತ್ತರಿಯ ಆಚೆಗೆ ಉಳಿದುಹೋಗಬಹುದು, ಅವೆರಡನ್ನೂ ಬರೆಸಿಕೊಳ್ಳಬೇಕು. ನಾಲ್ಕನೆಯದಾಗಿ, ಹೆಸರು ಬೇರೆಯಾದ ಮಾತ್ರಕ್ಕೆ ಔಷಧವು ಬೇರೆಯೆಂದು ಎಣಿಸಬಾರದು. ಕ್ರೋಸಿನ್, ಡೋಲೊ ಎರಡರೊಳಗೂ ಇರುವುದು ಪ್ಯಾರಸಿಟಮಾಲ್. ನೆಗಡಿಯ ಅನೇಕ ಮಾತ್ರೆಗಳಲ್ಲಿಯೂ ಅದೇ ಅಡಗಿದೆ. ಒಂದರ ಮೇಲೊಂದು ನುಂಗಿ ಮಿತಿ ಮೀರಿದರೆ ಯಕೃತ್ತಿಗೆ ಅಪಾಯ. ಐದನೆಯದಾಗಿ, ಮಕ್ಕಳ ಔಷಧಕ್ಕೆ ಅಡಿಗೆಮನೆಯ ಚಮಚವನ್ನು ಮುಟ್ಟಲೇಬಾರದು. ಆರನೆಯದಾಗಿ, ಹಿರಿಯರ ಮಾತ್ರೆಗಳನ್ನು ವಾರಕ್ಕೊಮ್ಮೆ ಹೊತ್ತುಹೊತ್ತಿಗೆ ಬೇರೆ ಮಾಡಿಟ್ಟರೆ, ತಿಂದರೋ ಇಲ್ಲವೋ ಎಂಬುದು ಕೇಳದೆಯೇ ತಿಳಿಯುವುದು.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಅತ್ತೆಯವರಿಗೆ ಬೆಳಗಿನ ಮಾತ್ರೆಯನ್ನು ಎರಡು ಸಲ ಕೊಟ್ಟುಬಿಟ್ಟೆನೆಂದು ಸೊಸೆಯು ಹೆದರುತ್ತ ಹೇಳಿದರೆ, ಅವಳ ಮೇಲೆ ರೇಗಬಾರದು. ರೇಗಿದರೆ ಮುಂದಿನ ಸಲ ಅವಳು ಹೇಳಲಾರಳು; ೪೫೭ರಲ್ಲಿ ಒಂದೇ ಬೆಳಕಿಗೆ ಬಂದ ಆಸ್ಪತ್ರೆಯಂತೆಯೇ ನಮ್ಮ ಮನೆಯೂ ಆಗುವುದು. ಕೂಡಲೇ ವೈದ್ಯರಿಗೆ ತಿಳಿಸಬೇಕು. ಆಮೇಲೆ, ಮಾತ್ರೆಯನ್ನು ಇಡುವ ಜಾಗವೋ ಹೊತ್ತೋ ಗುರುತೋ ಯಾವುದನ್ನು ಬದಲಾಯಿಸಿದರೆ ಇದು ಮತ್ತೆ ಆಗಲಾರದೆಂದು ಮನೆಯವರೆಲ್ಲ ಕುಳಿತು ಆಲೋಚಿಸಬೇಕು.

ಔಷಧದಿಂದಾಗುವ, ತಪ್ಪಿಸಬಹುದಾದ ಗಂಭೀರ ಕೇಡನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಎಲ್ಲ ದೇಶಗಳಿಗೂ ಕರೆ ಕೊಟ್ಟಿತು. ಅಂತಹ ದೊಡ್ಡ ಕಾರ್ಯವು ಸರ್ಕಾರಗಳಿಗೂ ಆಸ್ಪತ್ರೆಗಳಿಗೂ ಸೇರಿದುದೆಂದು ನಾವು ಸುಮ್ಮನಿರಬಹುದು. ಆದರೆ ಆ ಕೇಡಿನ ಒಂದು ಪಾಲು ಹುಟ್ಟುವುದು ನಮ್ಮ ಕಪಾಟಿನಲ್ಲಿ, ನಮ್ಮ ಚಮಚದಲ್ಲಿ, ನಾವು ಕೇಳದೆ ಬಿಟ್ಟ ಒಂದು ಪ್ರಶ್ನೆಯಲ್ಲಿ. ವೈದ್ಯನ ವಿದ್ಯೆಯೂ ದ್ರವ್ಯದ ಗುಣವೂ ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ಪಾದಗಳು ನಮ್ಮವೇ. ಅವುಗಳನ್ನು ಗಟ್ಟಿಯಾಗಿ ಊರಿ ನಿಲ್ಲುವುದು ನಮ್ಮಿಂದಾಗತಕ್ಕ ಕೆಲಸ.